ಯೆರವಡಾ ಒಪ್ಪಂದಕ್ಕೆ ಬಿದ್ದ ಧಾರವಾಡದ ಸಹಿ

1932ರ ಸೆಪ್ಟೆಂಬರ್ 24ರ ಸಂಜೆ ಪುಣೆಯಲ್ಲಿ, ಮುಂದೆ ಪೂನಾ ಒಪ್ಪಂದ ಎಂದು ಹೆಸರಾದ ಒಂದು ಕರಾರುಪತ್ರಕ್ಕೆ ಸಹಿಗಳು ಬಿದ್ದವು. ಸವರ್ಣ ಹಿಂದೂಗಳ ಪರವಾಗಿ ಪಂಡಿತ ಮದನಮೋಹನ ಮಾಳವೀಯ, ದಲಿತರ ಪರವಾಗಿ ಡಾ. ಬಿ.ಆರ್. ಅಂಬೇಡ್ಕರ್. ಜೊತೆಗೆ ತೇಜ್ ಬಹಾದ್ದೂರ್ ಸಪ್ರು, ಎಂ.ಆರ್. ಜಯಕರ್, ರಾಜಗೋಪಾಲಾಚಾರಿ, ರಾಜೇಂದ್ರ ಪ್ರಸಾದ್, ಘನಶ್ಯಾಮದಾಸ್ ಬಿರ್ಲಾ, ಮದರಾಸಿನ ಎಂ.ಸಿ. ರಾಜಾ. ಈ ಹೆಸರುಗಳ ನಡುವೆ ‘ಪಿ. ಬಾಲೂ’ ಎಂಬ ಒಂದು ಹೆಸರಿದೆ. ಓದುವವರ ಕಣ್ಣು ಸಾಮಾನ್ಯವಾಗಿ ಅದರ ಮೇಲೆ ನಿಲ್ಲುವುದಿಲ್ಲ.

ಪಾಲವಣಕರ ಬಾಲೂ ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಮನೆತನದ ಮೂಲ ಕೊಂಕಣದ ಪಾಲವಣ, ಚಮ್ಮಾರ ಕುಟುಂಬ. ಬಾಲೂ ಬೆಳೆದದ್ದು ಪುಣೆಯಲ್ಲಿ. ಹುಡುಗನಾಗಿದ್ದಾಗ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಮೈದಾನ ಗುಡಿಸುವ, ಪಿಚ್ಚಿನ ಮೇಲೆ ರೋಲರ್ ಎಳೆಯುವ ಕೆಲಸ ಸಿಕ್ಕಿತು. ಆಮೇಲೆ ಯುರೋಪಿಯನ್ನರ ಪೂನಾ ಕ್ಲಬ್ ಸೇರಿ, ನೆಟ್ಸಿನಲ್ಲಿ ದೊರೆಗಳಿಗೆ ಚೆಂಡು ಎಸೆಯುತ್ತ ಎಡಗೈ ಸ್ಪಿನ್ ಬೌಲಿಂಗ್ ಪಳಗಿಸಿಕೊಂಡರು. ಅವರ ಆಟ ಕಂಡು ಪುಣೆಯ ಹಿಂದೂ ತಂಡ ಅವರನ್ನು ಕರೆದುಕೊಂಡಿತು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಬಾಲೂಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತೀಯ ತಂಡದಲ್ಲಿ 114 ವಿಕೆಟ್ ಕಿತ್ತವರು ಇವರೇ. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. ಅದು ಅವರ ತಮ್ಮ ವಿಠ್ಠಲನಿಗೆ ಸಿಗಲು 1923 ಬರಬೇಕಾಯಿತು.

ಆ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದವರು 56ನೆಯ ವಯಸ್ಸಿನಲ್ಲಿ, ಮುಂದೆ ಹುಟ್ಟಲಿರುವ ದೇಶದಲ್ಲಿ ತಮ್ಮವರ ಮತಕ್ಕೆ ಎಷ್ಟು ಬೆಲೆ ಎಂಬುದನ್ನು ಬರೆದಿಟ್ಟ ಪತ್ರಕ್ಕೆ ಸಹಿ ಹಾಕಿದರು. ಬ್ರಿಟಿಷರನ್ನು ಸಾಗಹಾಕುವುದು ಒಂದು ಕೆಲಸ. ಅವರು ಹೋದ ಮೇಲೆ ಈ ದೇಶ ಯಾರದು, ಯಾರ ಮತವನ್ನು ಯಾರು ಕೇಳಬೇಕು, ಯಾರ ಪರವಾಗಿ ಯಾರು ಮಾತಾಡಬೇಕು ಎಂದು ಇತ್ಯರ್ಥ ಮಾಡುವುದು ಬೇರೆಯೇ ಕೆಲಸ. ಮೊದಲನೆಯದರ ಕಥೆಯನ್ನು ನಾವು ದಂಡಿಯಲ್ಲಿ, ಕೆಂಪುಕೋಟೆಯಲ್ಲಿ ಹುಡುಕುತ್ತೇವೆ. ಎರಡನೆಯದರ ಕಥೆಗೆ ಯೆರವಡಾಕ್ಕೆ ಹೋಗಬೇಕು.

ಪುಣೆಯಿಂದ ಬಂಡ್ ಗಾರ್ಡನ್ ಸೇತುವೆಯ ಮೇಲೆ ಮುಳಾ-ಮುಠಾ ನದಿ ದಾಟಿದರೆ ಯೆರವಡಾ. ಅಲ್ಲಿಯ ಸೆಂಟ್ರಲ್ ಜೈಲು 1871ರಲ್ಲಿ ಕಟ್ಟಿದ್ದು. ಮುಂಬಯಿ ಪ್ರಾಂತದ ದೊಡ್ಡ ಜೈಲು ಎಂದ ಮೇಲೆ ಅದು ನಮ್ಮ ಪಾಲಿಗೂ ದೊಡ್ಡ ಜೈಲೇ. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದ ಜಿಲ್ಲೆಗಳು. ಹುಬ್ಬಳ್ಳಿಯಲ್ಲಿ ಬಾವುಟ ಹಿಡಿದವರಿಗೂ ಅಂಕೋಲೆಯಲ್ಲಿ ಉಪ್ಪು ಮಾಡಿದವರಿಗೂ ಶಿಕ್ಷೆ ವಿಧಿಸುತ್ತಿದ್ದದ್ದು ಮುಂಬಯಿ ಸರಕಾರ. ಹಿಂಡಲಗಾ, ನಾಸಿಕ, ವಿಸಾಪುರ, ಯೆರವಡಾ ಅದರ ಸೆರೆಮನೆಗಳು. ಮೈಸೂರಿನವರಿಗೆ ಸ್ವಾತಂತ್ರ್ಯದ ಹೋರಾಟ ಅರಮನೆಯ ದಾರಿಯಾಗಿ ಬಂದರೆ, ಉತ್ತರದವರಿಗೆ ಅದು ಈ ಜೈಲುಗಳ ದಾರಿಯಾಗಿ ಬಂತು. ನಮ್ಮ ಚರಿತ್ರೆಯ ಪಾಠಗಳಲ್ಲಿ ಈ ವ್ಯತ್ಯಾಸಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ ಎಂದೇ ನನ್ನ ಭಾವನೆ.

ಗಾಂಧಿಗಿಂತ ಮೊದಲೇ ಈ ಜೈಲಿಗೆ ರಾಜಕೀಯದ ಚರಿತ್ರೆ ಇತ್ತು. ರಾಜದ್ರೋಹದ ಆರೋಪದ ಮೇಲೆ 1897ರಲ್ಲಿ ಶಿಕ್ಷೆಯಾದ ತಿಲಕರನ್ನು ಇಲ್ಲಿ ಇಟ್ಟಿದ್ದರು. ಪ್ಲೇಗ್ ಕಮಿಷನರ್ ರ‍್ಯಾಂಡನನ್ನು ಕೊಂದ ದಾಮೋದರ ಚಾಪೇಕರನನ್ನು 1898ರ ಏಪ್ರಿಲ್ 18ರಂದು ಇಲ್ಲೇ ಗಲ್ಲಿಗೇರಿಸಿದರು. ಮರುವರ್ಷ ಅವನ ಇಬ್ಬರು ತಮ್ಮಂದಿರ ಗತಿಯೂ ಅದೇ ಆಯಿತು.

ಗಾಂಧಿ ಬಂದದ್ದು 1922ರ ಮಾರ್ಚಿನಲ್ಲಿ. ಅಹಮದಾಬಾದಿನ ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಆರು ವರ್ಷದ ಶಿಕ್ಷೆ ವಿಧಿಸಿದ್ದರು. ಎರಡು ವರ್ಷ ತುಂಬುವ ಮೊದಲೇ ಅಪೆಂಡಿಸೈಟಿಸ್ ಆಗಿ, 1924ರ ಜನವರಿ 12ರ ರಾತ್ರಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಆಪರೇಷನ್ ಮಾಡಿದರು. ನಡುವೆ ಕರೆಂಟು ಹೋಯಿತು. ಉಳಿದ ಕೆಲಸವನ್ನು ಕಂದೀಲಿನ ಬೆಳಕಿನಲ್ಲಿ ಮುಗಿಸಬೇಕಾಯಿತು. ಫೆಬ್ರವರಿ 5ರಂದು ಬಿಡುಗಡೆ. ಅದೇ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ. ಗಾಂಧಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಡಾ. ನಾ.ಸು. ಹರ್ಡೀಕರರ ಸೇವಾದಳ ಅಲ್ಲಿ ವ್ಯವಸ್ಥೆಗೆ ನಿಂತಿತ್ತು. ಅದರ ಮಹಿಳಾ ವಿಭಾಗಕ್ಕೆ ನೂರೈವತ್ತಕ್ಕೂ ಹೆಚ್ಚು ಹೆಂಗಸರನ್ನು ಊರೂರು ತಿರುಗಿ ಸೇರಿಸಿದವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. ಇವರ ಕಥೆಗೆ ಆಮೇಲೆ ಬರುತ್ತೇನೆ.

ಉಪ್ಪಿನ ಸತ್ಯಾಗ್ರಹದ ನಂತರ, 1930ರ ಮೇ ತಿಂಗಳಲ್ಲಿ, ಗಾಂಧಿ ಮತ್ತೆ ಯೆರವಡಾಕ್ಕೆ ಬಂದರು. ಜೈಲನ್ನು ಅವರು ಮಂದಿರ ಎಂದು ಕರೆದರು. ವಾರಕ್ಕೊಂದರಂತೆ ಆಶ್ರಮಕ್ಕೆ ಕಳಿಸಿದ ಕಾಗದಗಳಲ್ಲಿ ಸತ್ಯ, ಅಹಿಂಸೆ, ಅಸ್ತೇಯ, ಅಸ್ಪೃಶ್ಯತಾ ನಿವಾರಣೆ ಎಂದು ಒಂದೊಂದೇ ವ್ರತವನ್ನು ಬಿಡಿಸಿ ಬರೆದರು. ಪೆಟ್ಟಿಗೆಯಂತೆ ಮಡಚಿ ಒಯ್ಯಬಹುದಾದ ಚರಕವನ್ನು ಈ ಸೆರೆವಾಸದಲ್ಲೇ ತಿದ್ದಿ ಸುಧಾರಿಸಿದರು; ಅದಕ್ಕೆ ಯೆರವಡಾ ಚರಕ ಎಂದೇ ಹೆಸರು ನಿಂತಿತು.

ಆ ಆಗಸ್ಟಿನಲ್ಲಿ ನಡೆದದ್ದನ್ನು ಗಮನಿಸಬೇಕು. ಸಪ್ರು ಮತ್ತು ಜಯಕರ್ ವೈಸರಾಯರಿಗೂ ಕಾಂಗ್ರೆಸ್ಸಿಗೂ ರಾಜಿ ಮಾಡಿಸಲು ಹೊರಟಿದ್ದರು. ಆದರೆ ಮಾತಾಡಬೇಕಾದವರೆಲ್ಲ ಬೇರೆ ಬೇರೆ ಜೈಲುಗಳಲ್ಲಿದ್ದರು. ಸರಕಾರ ಮೋತಿಲಾಲ್ ಮತ್ತು ಜವಾಹರಲಾಲ್ ನೆಹರೂ ಅವರನ್ನು ಅಲಹಾಬಾದಿನ ನೈನಿ ಜೈಲಿನಿಂದ ವಿಶೇಷ ರೈಲಿನಲ್ಲಿ ಖಡಕಿ ನಿಲ್ದಾಣಕ್ಕೆ ತಂದು, ಅಲ್ಲಿಂದ ಯೆರವಡಾ ಜೈಲಿಗೆ ಸೇರಿಸಿತು. ವಲ್ಲಭಭಾಯಿ ಪಟೇಲ್, ಸರೋಜಿನಿ ನಾಯ್ಡು ಕೂಡ ಮಾತುಕತೆಗೆ ಕೂತರು. ರಾಜಿಯೇನೂ ಆಗಲಿಲ್ಲ. ಆದರೆ ಈ ಜನರನ್ನು ಬಿಟ್ಟು ದೇಶದ ಬಗ್ಗೆ ಯಾವ ಮಾತೂ ನಡೆಯದು ಎಂದು ಸರಕಾರ ತನ್ನ ಖರ್ಚಿನಲ್ಲಿ ರೈಲು ಓಡಿಸಿ ಒಪ್ಪಿಕೊಂಡಂತಾಯಿತು. ಅದೇ ವರ್ಷ ಡಚ್ಚರು ಸುಕರ್ಣೋಗೆ ಶಿಕ್ಷೆ ವಿಧಿಸಿ ಬಾಂಡುಂಗಿನ ಸುಕಾಮಿಸ್ಕಿನ್ ಜೈಲಿಗೆ ಹಾಕಿದರು. ಹದಿನೈದು ವರ್ಷದ ನಂತರ ಅವರು ಇಂಡೋನೇಷ್ಯಾದ ಅಧ್ಯಕ್ಷರು. ಘಾನಾದ ಕ್ವಾಮೆ ಎನ್‌ಕ್ರುಮಾ 1951ರ ಚುನಾವಣೆಯನ್ನು ಜೈಲಿನೊಳಗಿಂದಲೇ ಗೆದ್ದು, ಸರಕಾರ ನಡೆಸಲೆಂದು ಬಿಡುಗಡೆಯಾದರು. ವಸಾಹತುಗಳ ಕಾಲದಲ್ಲಿ ನಾಳಿನ ಆಡಳಿತ ಇಂದಿನ ಬ್ಯಾರಕ್ಕುಗಳಲ್ಲೇ ತಯಾರಾಗುತ್ತಿತ್ತು.

ಇನ್ನು 1932ಕ್ಕೆ ಬರೋಣ. ದುಂಡುಮೇಜಿನ ಸಭೆಯಿಂದ ಬರಿಗೈಯಲ್ಲಿ ಮರಳಿದ ಗಾಂಧಿಯನ್ನು ಜನವರಿ 4ರಂದು ಮುಂಬಯಿಯಲ್ಲಿ ಹಿಡಿದು ಯೆರವಡಾಕ್ಕೆ ತಂದರು. ಜೊತೆಗೆ ಪಟೇಲರು, ಮಾರ್ಚಿನಿಂದ ಮಹದೇವ ದೇಸಾಯಿ. ಆಗಸ್ಟ್ 17ರಂದು ಬ್ರಿಟಿಷ್ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಕೋಮುವಾರು ತೀರ್ಪು ಪ್ರಕಟಿಸಿದರು. ದಲಿತರಿಗೆ ಪ್ರಾಂತೀಯ ಶಾಸನಸಭೆಗಳಲ್ಲಿ 71 ಸ್ಥಾನ, ಅವುಗಳಿಗೆ ದಲಿತರೇ ಮತ ಹಾಕಿ ದಲಿತರನ್ನು ಆರಿಸುವ ಪ್ರತ್ಯೇಕ ಮತಕ್ಷೇತ್ರ. ಇದಲ್ಲದೆ ಸಾಮಾನ್ಯ ಕ್ಷೇತ್ರದಲ್ಲಿಯೂ ಅವರಿಗೆ ಮತವಿತ್ತು. ಒಬ್ಬ ದಲಿತನಿಗೆ ಎರಡು ಮತ. ಈ ಎರಡನೆಯ ಮತದ ಮಾತನ್ನು ಈಗ ಬಹಳ ಜನ ಮರೆತಿದ್ದಾರೆ. ಅಂಬೇಡ್ಕರ್ ಮರೆಯಲಿಲ್ಲ. ತಮ್ಮವರನ್ನು ತಾವೇ ಆರಿಸುವ ಹಕ್ಕೂ, ಸವರ್ಣ ಅಭ್ಯರ್ಥಿ ತಮ್ಮ ಕೇರಿಗೆ ಬಂದು ಮತ ಕೇಳಲೇಬೇಕಾದ ಸ್ಥಿತಿಯೂ ಒಟ್ಟಿಗೆ ಸಿಕ್ಕಿದ್ದವು.

ಗಾಂಧಿಗೆ ಇದು ಹಿಂದೂ ಸಮಾಜವನ್ನು ಶಾಶ್ವತವಾಗಿ ಸೀಳುವ ಕತ್ತಿಯಾಗಿ ಕಂಡಿತು. ಪ್ರಾಣ ಕೊಟ್ಟಾದರೂ ತಡೆಯುತ್ತೇನೆ ಎಂದು ಮರುದಿನವೇ ಮ್ಯಾಕ್‌ಡೊನಾಲ್ಡರಿಗೆ ಬರೆದರು. ಸೆಪ್ಟೆಂಬರ್ 20ರ ಬೆಳಿಗ್ಗೆ ಹನ್ನೊಂದೂವರೆಗೆ ಬಿಸಿನೀರಿಗೆ ನಿಂಬೆರಸ, ಜೇನು ಬೆರೆಸಿ ಕುಡಿದರು. ಮಧ್ಯಾಹ್ನ ಹನ್ನೆರಡಕ್ಕೆ ಉಪವಾಸ ಶುರುವಾಯಿತು. ಜೈಲಿನ ಅಂಗಳದಲ್ಲಿ ಒಂದು ಗಿಡ್ಡ ಮಾವಿನ ಮರ; ಅದರ ನೆರಳಿಗೆ ಕಬ್ಬಿಣದ ಮಂಚ, ಅದರ ಮೇಲೆ ಬಿಳಿ ಹಾಸಿಗೆ. ಒಂದು ಕಡೆ ಪಟೇಲರು, ಇನ್ನೊಂದು ಕಡೆ ಕಾಗದಗಳ ಜೊತೆ ಮಹದೇವ ದೇಸಾಯಿ. ಹೆಂಗಸರ ವಿಭಾಗದಲ್ಲಿದ್ದ ಸರೋಜಿನಿ ನಾಯ್ಡು ಅವರನ್ನು ಆರೈಕೆಗೆಂದು ಕರೆತಂದರು. ಸಾಬರಮತಿ ಜೈಲಿನಲ್ಲಿದ್ದ ಕಸ್ತೂರಬಾ ಅವರನ್ನೂ ಇಲ್ಲಿಗೆ ತಂದರು. ಅರವತ್ಮೂರು ಸಮೀಪಿಸಿದ ದೇಹ ದಿನದಿಂದ ದಿನಕ್ಕೆ ಸೋತು, ಎದ್ದು ಕೂರಲೂ ಆಗದ ಸ್ಥಿತಿಗೆ ಬಂತು.

ಅಂಬೇಡ್ಕರ್ ಅವರ ಮೇಲೆ ಬಿದ್ದ ಒತ್ತಡವನ್ನು ಇವತ್ತು ಕೂತು ಊಹಿಸುವುದು ಕಷ್ಟ. ಗಾಂಧಿ ಸತ್ತರೆ ಅದರ ಸಿಟ್ಟು ಹಳ್ಳಿ ಹಳ್ಳಿಯ ದಲಿತ ಕೇರಿಗಳ ಮೇಲೆ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ತಮ್ಮ ಪಕ್ಷಕ್ಕೆ ನ್ಯಾಯ ಸಿಕ್ಕಿದ ಕ್ಷಣದಲ್ಲೇ ಅದನ್ನು ಬಿಟ್ಟುಕೊಡು ಎಂದು ಇಡೀ ದೇಶ ಒಬ್ಬ ಮನುಷ್ಯನ ಮುಂದೆ ನಿಂತಿತ್ತು. ಇದು ಅನ್ಯಾಯದ ಒತ್ತಡ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಗಾಂಧಿಯ ಮೇಲಿನ ಗೌರವ ಅದಕ್ಕೆ ಅಡ್ಡಬರಬೇಕಾಗಿಯೂ ಇಲ್ಲ. ಮುಂದೆ ಅಂಬೇಡ್ಕರರೇ ತಮ್ಮ ಪುಸ್ತಕದಲ್ಲಿ ಈ ಉಪವಾಸವನ್ನು ಕಟುವಾದ ಮಾತುಗಳಲ್ಲಿ ಟೀಕಿಸಿದರು.

ಆದರೂ ಅವರು ಒತ್ತಡಕ್ಕೆ ಸುಮ್ಮನೆ ಬಗ್ಗಲಿಲ್ಲ. ವಕೀಲನ ಹಾಗೆ ಒಂದೊಂದು ಕಲಮಿಗೂ ವಾದ ಹೂಡಿದರು. 197 ಸ್ಥಾನ ಬೇಕೆಂದು ಶುರುಮಾಡಿದರು. ಎಂ.ಸಿ. ರಾಜಾ ಮತ್ತು ಬಾಲೂ ಸಂಯುಕ್ತ ಮತಕ್ಷೇತ್ರದ ಪರವಾಗಿದ್ದರು. ಅಂಬೇಡ್ಕರರನ್ನು ಒಪ್ಪಿಸಲು ಇಬ್ಬರೂ ಶ್ರಮಿಸಿದರು. ಬಾಲೂ ಅವರ ಮಾತಿಗೆ ತೂಕವಿತ್ತು. ಅಂಬೇಡ್ಕರ್ ಇನ್ನೂ ಹೆಸರಾಗುವ ಮೊದಲೇ ದಲಿತ ಹುಡುಗರಿಗೆ ತಲೆಯೆತ್ತಿ ನೋಡಲು ಸಿಕ್ಕಿದ್ದ ವ್ಯಕ್ತಿ ಬಾಲೂ. ಯುವಕ ಅಂಬೇಡ್ಕರರೂ ಅವರನ್ನು ಮೆಚ್ಚಿಕೊಂಡವರೇ. ಜೈಲಿನಲ್ಲಿ ಸೆಪ್ಟೆಂಬರ್ 22ರಂದು ಅಂಬೇಡ್ಕರ್ ಮತ್ತು ಗಾಂಧಿ ಮುಖಾಮುಖಿಯಾದರು. ಮೀಸಲು ಸ್ಥಾನಗಳು ಎಷ್ಟು ವರ್ಷ ಇರಬೇಕು, ದಲಿತರಿಂದ ಜನಮತಗಣನೆ ಯಾವಾಗ ಆಗಬೇಕು ಎಂಬುದರ ಮೇಲೆ ಮಾತು ಜಗ್ಗಿತು. ಕೊನೆಗೆ ಆ ಪ್ರಶ್ನೆಯನ್ನು ಪರಸ್ಪರ ಒಪ್ಪಿಗೆಗೆ ಬಿಟ್ಟರು.

ಸಹಿ ಬಿದ್ದಾಗ ಪ್ರಾಂತಗಳಲ್ಲಿ 71 ಇದ್ದದ್ದು 148 ಆಗಿತ್ತು. ಮದರಾಸಿಗೆ 30, ಬಂಗಾಳಕ್ಕೆ 30, ಸಿಂಧ್ ಸೇರಿ ಮುಂಬಯಿಗೆ 15. ನಮ್ಮ ನಾಲ್ಕು ಜಿಲ್ಲೆಗಳ ಪಾಲು ಆ ಹದಿನೈದರೊಳಗೆ. ಕೇಂದ್ರ ಸಭೆಯಲ್ಲಿ ಬ್ರಿಟಿಷ್ ಭಾರತದ ಸಾಮಾನ್ಯ ಸ್ಥಾನಗಳ ನೂರಕ್ಕೆ 18 ಪಾಲು. ಪ್ರತ್ಯೇಕ ಮತಕ್ಷೇತ್ರ ಹೋಯಿತು, ಎರಡನೆಯ ಮತ ಹೋಯಿತು. ಬದಲಿಗೆ, ಮೀಸಲು ಕ್ಷೇತ್ರದ ದಲಿತ ಮತದಾರರು ಮೊದಲು ತಾವೇ ನಾಲ್ವರನ್ನು ಆರಿಸುವುದು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲ ಮತದಾರರೂ ಸೇರಿ ಗೆಲ್ಲಿಸುವುದು ಎಂಬ ಏರ್ಪಾಡು ಬಂತು. ಅದೂ ಹತ್ತು ವರ್ಷದ ಮಟ್ಟಿಗೆ. ಸರಕಾರಿ ನೌಕರಿಯಲ್ಲಿ ಜಾತಿಯ ಕಾರಣಕ್ಕೆ ಅಡ್ಡಿ ಇರಕೂಡದು, ಪ್ರತಿ ಪ್ರಾಂತವೂ ದಲಿತರ ಶಿಕ್ಷಣಕ್ಕೆ ಹಣ ತೆಗೆದಿಡಬೇಕು ಎಂಬ ಮಾತುಗಳೂ ಆ ಪತ್ರದಲ್ಲಿವೆ. ಸೆಪ್ಟೆಂಬರ್ 26ರಂದು ಲಂಡನ್ನಿನ ಒಪ್ಪಿಗೆ ಬಂತು. ಸಂಜೆ ಐದೂಕಾಲಿಗೆ, ರವೀಂದ್ರನಾಥ ಟಾಗೋರರ ಎದುರಿನಲ್ಲಿ, ಕಸ್ತೂರಬಾ ಕೊಟ್ಟ ಕಿತ್ತಳೆ ರಸ ಕುಡಿದು ಗಾಂಧಿ ಉಪವಾಸ ಬಿಟ್ಟರು.

ಅದೇ 1932ರಲ್ಲಿ ಯೆರವಡಾ ಜೈಲಿನಲ್ಲಿ ನಾಲ್ಕು ತಿಂಗಳು ಕಳೆದ ಇನ್ನೊಬ್ಬ ಕೈದಿಯ ಸುತ್ತ ಯಾವ ಪತ್ರಕರ್ತರೂ ನೆರೆದಿರಲಿಲ್ಲ. ಉಮಾಬಾಯಿ ಕುಂದಾಪುರ ಮಂಗಳೂರಿನ ಗೋಳಿಕೇರಿ ಮನೆತನದ ಮಗಳು. ಚಿಕ್ಕಂದಿನಲ್ಲೇ ಮದುವೆ, ಮಾವ ಆನಂದರಾಯರು ಸೊಸೆ ಓದಲಿ ಎಂದು ಹಟ ಹಿಡಿದವರು. ಗಂಡ ಸಂಜೀವರಾಯರು ಕ್ಷಯದಿಂದ ತೀರಿಕೊಂಡ ಮೇಲೆ ಮಾವ ಸೊಸೆಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದು ಕರ್ನಾಟಕ ಪ್ರೆಸ್ ಹಾಕಿದರು. ಸೊಸೆ ಭಗಿನಿ ಮಂಡಲ ಕಟ್ಟಿದರು, ತಿಲಕ ಕನ್ಯಾಶಾಲೆಯ ಹೊಣೆ ಹೊತ್ತರು, ಸೇವಾದಳದ ಹೆಂಗಸರನ್ನು ಮುನ್ನಡೆಸಿದರು. ವಿಧವೆಯಾದವಳು ಕೋಣೆಯ ಮೂಲೆ ಸೇರಬೇಕಾಗಿದ್ದ ಕಾಲದಲ್ಲಿ ಮಾವ ಸೊಸೆಯನ್ನು ಬೀದಿಗೆ, ಸಭೆಗೆ, ಕೊನೆಗೆ ಜೈಲಿಗೂ ಕಳಿಸಿಕೊಟ್ಟರು.

ಸೊಸೆ ಸೆರೆಯಲ್ಲಿದ್ದಾಗಲೇ ಆ ಮಾವ ತೀರಿಕೊಂಡರು. ಸುದ್ದಿ ಯೆರವಡಾದ ಗೋಡೆಯೊಳಗೆ ತಲುಪಿತು. ಬಿಡುಗಡೆಯಾಗಿ ಹುಬ್ಬಳ್ಳಿಗೆ ಬಂದು ನೋಡಿದರೆ ಪ್ರೆಸ್ಸನ್ನು ಸರಕಾರ ಮುಟ್ಟುಗೋಲು ಹಾಕಿತ್ತು, ಶಾಲೆಗೆ ಬೀಗ ಬಿದ್ದಿತ್ತು, ಭಗಿನಿ ಮಂಡಲ ಕಾನೂನುಬಾಹಿರವಾಗಿತ್ತು. ಅಂಥ ದಿನಗಳಲ್ಲಿಯೂ, ಸತ್ಯಾಗ್ರಹ ಮಾಡಿ ಜೈಲಿನಿಂದ ಹೊರಬಂದ ಮೇಲೆ ಹೋಗಲು ದಿಕ್ಕಿಲ್ಲದ ಹೆಂಗಸರಿಗೆ ಅವರ ಪುಟ್ಟ ಮನೆಯೇ ಆಸರೆಯಾಯಿತು. ದೇಶ ಕಟ್ಟಿದರು ಎಂಬ ಮಾತನ್ನು ನಾವು ತುಂಬ ಉದಾರವಾಗಿ ಬಳಸುತ್ತೇವೆ. ಇವರ ವಿಷಯದಲ್ಲಿ ಅದು ಅಕ್ಷರಶಃ ನಿಜ.

ಯೆರವಡಾದ ಕೊನೆಯ ದೊಡ್ಡ ಅಧ್ಯಾಯ ನಡೆದದ್ದು ಜೈಲಿನಲ್ಲಲ್ಲ, ಅದೇ ಯೆರವಡಾದ ಆಗಾಖಾನ್ ಅರಮನೆಯಲ್ಲಿ. 1892ರಲ್ಲಿ ಕಟ್ಟಿದ, ಕಮಾನುಗಳ ಸಾಲಿನ ಭವ್ಯ ಬಂಗಲೆ. 1942ರ ಆಗಸ್ಟ್ 9ರ ನಸುಕಿನಲ್ಲಿ ಮುಂಬಯಿಯಲ್ಲಿ ಹಿಡಿದ ಗಾಂಧಿ, ಮಹದೇವ ದೇಸಾಯಿ, ಸರೋಜಿನಿ ನಾಯ್ಡು, ಮೀರಾಬೆನ್ ಅವರನ್ನು ರೈಲಿನಲ್ಲಿ ಚಿಂಚವಡಕ್ಕೆ ತಂದು, ಅಲ್ಲಿಂದ ಮೋಟಾರಿನಲ್ಲಿ ಇಲ್ಲಿಗೆ ಮುಟ್ಟಿಸಿದರು. ಕಸ್ತೂರಬಾ ಮತ್ತು ಡಾ. ಸುಶೀಲಾ ನಯ್ಯರ್ ಹಿಂದೆಯೇ ಬಂದರು. ಸುತ್ತ ತಂತಿ ಬೇಲಿ, ಕಾವಲು. ವಾರ ತುಂಬುವುದರೊಳಗೆ, ಆಗಸ್ಟ್ 15ರ ಶನಿವಾರ ಬೆಳಿಗ್ಗೆ, ಮಾತಾಡುತ್ತ ನಿಂತಿದ್ದ ಮಹದೇವ ದೇಸಾಯಿ ಕುಸಿದರು. ಐವತ್ತು ವರ್ಷ. ಇಪ್ಪತ್ತೈದು ವರ್ಷ ತನ್ನ ನೆರಳಾಗಿದ್ದವನ ದೇಹವನ್ನು ಗಾಂಧಿ ತಾವೇ ತೊಳೆದು, ಆವರಣದಲ್ಲೇ ಚಿತೆಗೆ ಬೆಂಕಿ ಕೊಟ್ಟರು. ಸ್ವಾತಂತ್ರ್ಯಕ್ಕೆ ಆ ದಿನದಿಂದ ಸರಿಯಾಗಿ ಐದು ವರ್ಷ ಬಾಕಿಯಿತ್ತು.

ಹೊರಗೆ ಕ್ವಿಟ್ ಇಂಡಿಯಾ ಚಳವಳಿ ನಮ್ಮ ಊರುಗಳಲ್ಲಿ ಉರಿಯುತ್ತಿತ್ತು. ಹುಬ್ಬಳ್ಳಿಯಲ್ಲಿ ಶಾಲೆಯ ಹುಡುಗ ನಾರಾಯಣ ಡೋಣಿ ಗುಂಡಿಗೆ ಬಲಿಯಾದ. ದಂಡಿ ಯಾತ್ರೆಯಲ್ಲಿ ಗಾಂಧಿಯ ಜೊತೆ ನಡೆದಿದ್ದ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಡಿಗರೊಂದಿಗೆ ಪ್ರಾಣ ಬಿಟ್ಟರು. ಉಮಾಬಾಯಿ ಕಾಯಿಲೆಯಲ್ಲಿದ್ದರೂ ಭೂಗತರಾದ ಕಾರ್ಯಕರ್ತರಿಗೆ ಊಟ, ನೆರವು ತಪ್ಪಿಸಲಿಲ್ಲ.

1944ರ ಫೆಬ್ರವರಿ 22, ಶಿವರಾತ್ರಿ. ಅಂದು ಸಂಜೆ ಕಸ್ತೂರಬಾ ಗಂಡನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟರು. ಗಾಂಧಿ ನೂತ ನೂಲಿನ ಸೀರೆ ಉಡಿಸಿ, ಮಹದೇವ ದೇಸಾಯಿಯ ಚಿತೆಯ ಪಕ್ಕದಲ್ಲೇ ದಹನ ಮಾಡಿದರು. ಅರವತ್ತು ವರ್ಷಕ್ಕೂ ಮೀರಿದ ದಾಂಪತ್ಯ ಸರಕಾರದ ಬೇಲಿಯೊಳಗೆ ಮುಗಿಯಿತು. ಮೇ 6ರಂದು ಗಾಂಧಿಯ ಬಿಡುಗಡೆ. ಅದೇ ಅವರ ಕೊನೆಯ ಸೆರೆವಾಸ. ಆ ಎರಡು ಸಮಾಧಿಗಳು ಈಗಲೂ ಅರಮನೆಯ ತೋಟದಲ್ಲಿ ಪಕ್ಕಪಕ್ಕದಲ್ಲಿವೆ. ಪುಣೆಗೆ ಹೋಗುವ ಕನ್ನಡಿಗರು ಶನಿವಾರವಾಡೆ, ದಗಡೂಶೇಠ ಗಣಪತಿ ನೋಡಿ ಬರುತ್ತಾರೆ. ಇಲ್ಲಿಗೂ ಒಂದು ಗಳಿಗೆ ಹೋಗಬೇಕು.

ಕಸ್ತೂರಬಾ ಹೆಸರಿನಲ್ಲಿ ಹಳ್ಳಿಯ ಹೆಂಗಸರು ಮತ್ತು ಮಕ್ಕಳಿಗಾಗಿ ಒಂದು ರಾಷ್ಟ್ರೀಯ ಟ್ರಸ್ಟ್ ಆಯಿತು. ಅದರ ಕರ್ನಾಟಕ ಶಾಖೆಗೆ 1946ರಲ್ಲಿ ಗಾಂಧಿ ಆರಿಸಿದ್ದು ಉಮಾಬಾಯಿಯವರನ್ನು. ಹಳ್ಳಿಗಳಿಗೆ ಸೇವಿಕೆಯರನ್ನು ತರಬೇತಿ ಕೊಟ್ಟು ಕಳಿಸುವ ಆ ಕೆಲಸಕ್ಕೆ ಅವರು ಮನೆ ಮನೆ ತಿರುಗಿ ಹಣ ಕೂಡಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರವನ್ನಾಗಲಿ, ತಾಮ್ರಪತ್ರವನ್ನಾಗಲಿ, ಪಿಂಚಣಿಯನ್ನಾಗಲಿ ಒಪ್ಪಲಿಲ್ಲ. 1992ರಲ್ಲಿ, ನೂರು ತುಂಬಿದ ವಯಸ್ಸಿನಲ್ಲಿ, ಹುಬ್ಬಳ್ಳಿಯ ‘ಆನಂದ ಸ್ಮೃತಿ’ಯಲ್ಲಿ ಕಣ್ಣುಮುಚ್ಚಿದರು. ಮನೆಗೆ ಇಟ್ಟ ಹೆಸರಿನಲ್ಲಿ ಮಾವ ಉಳಿದಿದ್ದರು.

ಒಪ್ಪಂದದ ಕಥೆ ಮಾತ್ರ ಅಷ್ಟು ನೆಮ್ಮದಿಯಾಗಿ ಮುಗಿಯಲಿಲ್ಲ. ಯೆರವಡಾದಲ್ಲಿ ಕೂಡಿಸಿದ ಲೆಕ್ಕ 1935ರ ಭಾರತ ಸರಕಾರ ಕಾಯಿದೆಯೊಳಗೆ ಹೋಯಿತು. 1937ರ ಮೊದಲ ಚುನಾವಣೆಯಲ್ಲಿ ಮುಂಬಯಿಯಲ್ಲಿ ಅಂಬೇಡ್ಕರರ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಬಾಲೂ ಅವರನ್ನು. ಒಂದೇ ಪತ್ರಕ್ಕೆ ಸಹಿ ಹಾಕಿದ ಇಬ್ಬರು ಒಂದೇ ಮೀಸಲು ಸ್ಥಾನಕ್ಕೆ ಸ್ಪರ್ಧಿಸಿದರು. ಬಾಲೂ ಸುಮಾರು ಎರಡು ಸಾವಿರ ಮತಗಳಿಂದ ಸೋತರು. 1946ರ ಚುನಾವಣೆಯ ಹೊತ್ತಿಗೆ ಅಂಬೇಡ್ಕರರ ಭಯ ನಿಜವಾಗಿತ್ತು. ಸಂಯುಕ್ತ ಮತಕ್ಷೇತ್ರದಲ್ಲಿ ಸವರ್ಣರ ಮತಗಳು ತಮಗೆ ಒಗ್ಗುವ ದಲಿತ ಅಭ್ಯರ್ಥಿಯನ್ನೇ ಗೆಲ್ಲಿಸುತ್ತಿದ್ದವು, ಅವರ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಷನ್ ನೆಲಕಚ್ಚಿತು. ಆ ಜುಲೈನಲ್ಲಿ ಫೆಡರೇಷನ್ನಿನ ಕಾರ್ಯಕರ್ತರು ಪೂನಾ ಒಪ್ಪಂದದ ವಿರುದ್ಧ ಪುಣೆಯಲ್ಲೇ ಸತ್ಯಾಗ್ರಹ ಹೂಡಿ ಬಂಧನಕ್ಕೆ ಒಳಗಾದರು.

ಮರುವರ್ಷ ಆಗಸ್ಟ್ ಕೊನೆಯಲ್ಲಿ ಅದೇ ಅಂಬೇಡ್ಕರ್ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದರು. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 330 ಮತ್ತು 332ನೆಯ ವಿಧಿಗಳು ಲೋಕಸಭೆಯಲ್ಲೂ ವಿಧಾನಸಭೆಗಳಲ್ಲೂ ಮೀಸಲು ಸ್ಥಾನ ಕೊಟ್ಟವು; ಮತದಾರರ ಪಟ್ಟಿ ಎಲ್ಲರಿಗೂ ಒಂದೇ. ಯೆರವಡಾದಲ್ಲಿ ಒಪ್ಪಿದ್ದರ ಬುಡ ಉಳಿಯಿತು. ಅಲ್ಲಿಯ ಎರಡು ಹಂತದ ಆಯ್ಕೆ, ಅಂದರೆ ದಲಿತರು ತಮ್ಮ ಅಭ್ಯರ್ಥಿಗಳನ್ನು ಮೊದಲು ತಾವೇ ಜರಡಿ ಹಿಡಿಯುವ ಅವಕಾಶ, ಉಳಿಯಲಿಲ್ಲ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ, ಸಂವಿಧಾನ ಬರೆದ ಈ ಮನುಷ್ಯ ಮುಂಬಯಿ ಉತ್ತರದ ಮೀಸಲು ಸ್ಥಾನದಲ್ಲಿ ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳಕರರ ಎದುರು 14 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಸಂಯುಕ್ತ ಮತಕ್ಷೇತ್ರದ ಬಗ್ಗೆ 1932ರಲ್ಲಿ ಅವರು ಎತ್ತಿದ್ದ ತಕರಾರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬಾಲೂ ತೀರಿಕೊಂಡದ್ದು 1955ರ ಜುಲೈನಲ್ಲಿ. ಆಗಲೂ ಅವರು ಹುಟ್ಟಿದ ಧಾರವಾಡ ಮುಂಬಯಿ ರಾಜ್ಯದ ಜಿಲ್ಲೆಯೇ. ಕನ್ನಡದ ರಾಜ್ಯಕ್ಕೆ ಅದು ಸೇರಿದ್ದು ಮರುವರ್ಷದ ನವೆಂಬರ್ 1ಕ್ಕೆ. ಯೆರವಡಾದಲ್ಲಿ ಗಾಂಧಿ ಮತ್ತು ಅಂಬೇಡ್ಕರ್ ಇತ್ಯರ್ಥಕ್ಕೆ ಬರಲಾಗದೆ ಬಿಟ್ಟ ಪ್ರಶ್ನೆ, ಮೀಸಲು ಸ್ಥಾನ ಎಷ್ಟು ವರ್ಷ ಎಂಬುದು, ಇನ್ನೂ ತೆರೆದೇ ಇದೆ. ಸಂವಿಧಾನ ಮೊದಲು ಹತ್ತು ವರ್ಷ ಎಂದಿತ್ತು. ಸಂಸತ್ತು ಪ್ರತಿ ಹತ್ತು ವರ್ಷಕ್ಕೊಮ್ಮೆ ಅದನ್ನು ಮುಂದುವರಿಸುತ್ತ ಬಂದಿದೆ. ಈಗಿನ ಗಡುವು 2030ರ ಜನವರಿ.